ಮಾರ್ಲಿಸಳ ಕಂದು ಬಣ್ಣ

ಸರೋವರದ ದಂಡೆಯ ಡುಲೂತ್ ಊರಿನ ಆಸ್ಪತ್ರೆಯ ನೆಲಮಾಳಿಗೆಯ ಲ್ಯಾಬಿನಲ್ಲಿ ಮಾರ್ಲಿಸ್ ಹಾವಿಸ್ಟೋ ಇಪ್ಪತ್ತೆರಡು ವರ್ಷ ಕೆಲಸ ಮಾಡಿದ್ದಳು. ಅಷ್ಟು ವರ್ಷಗಳಲ್ಲಿ ಯಾರ ಮೇಲೂ ಅವಳಿಗೆ ಹೊಟ್ಟೆ ಉರಿದಿರಲಿಲ್ಲ. ಉರಿಯುವಂಥ ಕಾರಣವೇ ಬಂದಿರಲಿಲ್ಲ ಅನ್ನಬೇಕು. ಅಲ್ಲಿ ಅವಳಿಗಿಂತ ಚೆನ್ನಾಗಿ ಕೆಲಸ ಮಾಡುವವರು ಯಾರೂ ಇರಲಿಲ್ಲ.

ಮೇಲಿನ ಆಪರೇಷನ್ ಕೋಣೆಗಳಿಂದ ಗಡ್ಡೆಯ ಚೂರುಗಳು ಕೆಳಗೆ ಬರುತ್ತಿದ್ದವು. ಅವನ್ನು ಮೇಣದ ಬಿಲ್ಲೆಯಲ್ಲಿ ಹುದುಗಿಸಿ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ದು, ಗಾಜಿನ ಮೇಲೆ ಹಾಸಿ, ಬಣ್ಣ ಕಟ್ಟಿ ಡಾಕ್ಟರ ಕೋಣೆಗೆ ಕಳಿಸುವುದು ಅವಳ ಕೆಲಸ. ಅದರಲ್ಲಿ ಎಲ್ಲಕ್ಕಿಂತ ಹಟಮಾರಿ ಬಣ್ಣವೆಂದರೆ ಪಿಎಂಎಸ್-ಟೂ ಎಂಬ ಪ್ರೋಟೀನಿನದು. ಜೀವಕೋಶ ತನ್ನ ಡಿಎನ್‌ಎಯನ್ನು ನಕಲು ಮಾಡುವಾಗ ಅಕ್ಷರ ತಪ್ಪುತ್ತದೆ; ಆ ತಪ್ಪನ್ನು ಹುಡುಕಿ ತಿದ್ದುವ ನಾಲ್ಕು ಪ್ರೋಟೀನುಗಳಲ್ಲಿ ಇದೊಂದು. ಗಡ್ಡೆಯಲ್ಲಿ ಇದು ಕಾಣೆಯಾಗಿದ್ದರೆ, ಆ ಕೊರತೆ ರಕ್ತದಲ್ಲೇ ಬಂದಿರಬಹುದು, ಅಪ್ಪನಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ. ಅದು ಇದೆಯೋ ಇಲ್ಲವೋ ತಿಳಿಯಲು ಒಂದು ಹನಿ ಪ್ರತಿಕಾಯ ಬಿಡಬೇಕು. ಪ್ರತಿಕಾಯ ಹೋಗಿ ಆ ಪ್ರೋಟೀನಿಗೆ ಮಾತ್ರ ಅಂಟುತ್ತದೆ. ಅಂಟಿದ ಕಡೆ ಕಂದು ಬಣ್ಣ ಏಳುತ್ತದೆ. ಕೋಶದ ನಡುವಿನ ಬೊಟ್ಟು ಕಂದಾದರೆ ಪ್ರೋಟೀನ್ ಇದೆ. ಬರೀ ನೀಲಿಯಾಗಿ ಉಳಿದರೆ ಇಲ್ಲ.

ಒಂಬತ್ತು ವರ್ಷದ ಹಿಂದೆ ಆ ಪ್ರತಿಕಾಯ ಮೊದಲು ಬಂದಾಗ ಯಾರ ಕೈಗೂ ಬಗ್ಗಲಿಲ್ಲ. ಇದ್ದ ಕಡೆಯೂ ಕಂಡೂ ಕಾಣದ ಹಾಗೆ ತೆಳು ಚಹಾದ ಬಣ್ಣ. ಮಾರ್ಲಿಸ್ ಮೂರು ತಿಂಗಳು ಅದರ ಬೆನ್ನು ಬಿದ್ದಳು. ಕಾವು ಹೆಚ್ಚಿಸಿದಳು, ಹೊತ್ತು ಬದಲಿಸಿದಳು, ಹನಿಯನ್ನು ಗಟ್ಟಿ ಮಾಡಿದಳು. ಕೊನೆಗೊಂದು ದಿನ ಡಾಕ್ಟರ್ ವಿನಿಫ್ರೆಡ್ ಓಕರ್‌ಲಂಡ್ ಸೂಕ್ಷ್ಮದರ್ಶಕದಿಂದ ತಲೆಯೆತ್ತಿ, "ಮಾರ್ಲಿಸ್, ನಿಮ್ಮ ಕೈಯಲ್ಲಿ ಏನೋ ಇದೆ ಕಣ್ರೀ!" ಅಂದರು. ಆ ಮಾತನ್ನು ಮಾರ್ಲಿಸ್ ಒಂಬತ್ತು ವರ್ಷ ಬೆಚ್ಚಗೆ ಇಟ್ಟುಕೊಂಡಿದ್ದಳು.

ಆಮೇಲೆ ಜೋಸೆಟ್ ಪೆಲ್ಕಿ ಬಂದಳು. ಸರೋವರದ ಆಚೆ ದಂಡೆಯ ಮಾರ್ಕೆಟ್ ಎಂಬ ಊರಿನವಳು, ಮೂವತ್ತೊಂದು ವರ್ಷ, ಗಟ್ಟಿಯಾಗಿ ನಗುವವಳು. ಬಂದ ಮೊದಲ ವಾರವೇ ತಾನು ಮಾಂಸ ತುಂಬಿ ಬೇಯಿಸಿದ ಪ್ಯಾಸ್ಟಿ ಕಡುಬುಗಳನ್ನು ತಂದು ಎಲ್ಲರಿಗೂ ಹಂಚಿದಳು. ಮಾರ್ಲಿಸ್ ಒಂದನ್ನು ತಿಂದು, "ಉಪ್ಪು ಸ್ವಲ್ಪ ಮುಂದು" ಅಂದಳು. ಉಪ್ಪು ಸರಿಯಾಗೇ ಇತ್ತು.

ಆ ಚಳಿಗಾಲದಲ್ಲಿ ಹಳೆಯ ಪ್ರತಿಕಾಯದ ತಯಾರಿ ನಿಲ್ಲುತ್ತದೆಂದು ಸುದ್ದಿ ಬಂತು. ಬದಲಿಗೆ ಬೇರೊಂದನ್ನು ಆರಿಸಿ, ಹಳೆಯ ನಲವತ್ತು ಗಡ್ಡೆಗಳ ಮೇಲೆ ಪರೀಕ್ಷಿಸಿ, ಹಳೆಯ ಫಲಿತಾಂಶಕ್ಕೆ ಹೊಂದುತ್ತದೆಂದು ತೋರಿಸಬೇಕಿತ್ತು. ಸೋಮವಾರದ ಸಭೆಗೆ ಮಾರ್ಲಿಸ್ ಹೊಸ ನೋಟ್‌ಬುಕ್ ತಂದಿದ್ದಳು.

"ಇದನ್ನ ಜೋಸೆಟ್ ನೋಡ್ಕೋತಾಳೆ," ಅಂದರು ಡಾಕ್ಟರ್ ಓಕರ್‌ಲಂಡ್. "ಮಾರ್ಲಿಸ್, ನಿಮ್ಮ ತಲೆ ಮೇಲೆ ಈಗಾಗ್ಲೇ ಬೇಕಾದಷ್ಟಿದೆ. ಅವಳಿಗೇನಾದ್ರೂ ಕೇಳೋದಿದ್ರೆ ಹೇಳಿಕೊಡಿ, ಆಯ್ತಾ?"

"ಅದಕ್ಕೇನಂತೆ," ಅಂದಳು ಮಾರ್ಲಿಸ್. ನೋಟ್‌ಬುಕ್ಕನ್ನು ತೊಡೆಯ ಮೇಲೆ ಮಗುಚಿ ಹಾಕಿದಳು.

ಮನೆಯಲ್ಲಿ ಗಂಡ ಅರ್ವಿಡ್ ಸುಟ್ಟ ಮೀನಿನ ಮುಳ್ಳು ಬಿಡಿಸುತ್ತ ಕೂತಿದ್ದ. ಅದಿರಿನ ಹಡಗುಕಟ್ಟೆಯಲ್ಲಿ ಮೂವತ್ತು ವರ್ಷ ದುಡಿದು ಈಗ ಮನೆಯಲ್ಲಿದ್ದವನು. "ಹೊರೆ ಕಮ್ಮಿ ಮಾಡಿದ್ರಲ್ಲ, ಒಳ್ಳೇದೇ ಆಯ್ತು ಬಿಡು," ಅಂದ.

"ಹೊರೆ! ನಾನು ಹೆತ್ತು ಸಾಕಿದ ಮಗೂನ ಪಕ್ಕದ ಮನೆಯವಳ ಮಡಿಲಿಗೆ ಹಾಕಿ, ಹೊರೆ ಕಮ್ಮಿ ಆಯ್ತು ಅಂದ್ರೆ?"

"ಅದು ಸೀಸೆ ಕಣೇ, ಮಗು ಅಲ್ಲ."

"ನೀನು ಮೀನು ತಿನ್ನು."

ಲ್ಯಾಬಿನಲ್ಲಿ ಗಾಜುಗಳನ್ನು ಕಾಯಿಸುವ ಎರಡು ಒಲೆಗಳಿದ್ದವು. ಎರಡನೆಯದರ ಮುಳ್ಳು ಅರವತ್ತು ಡಿಗ್ರಿ ತೋರಿಸಿದರೂ ಒಳಗೆ ಅದಕ್ಕಿಂತ ಆರು ಡಿಗ್ರಿ ಜಾಸ್ತಿ ಇರುತ್ತಿತ್ತು. ಅದು ಮಾರ್ಲಿಸ್‌ಗೆ ಗೊತ್ತಿತ್ತು. ಗಾಜು ಹೆಚ್ಚು ಕಾದರೆ ಬಣ್ಣ ಮಂಕಾಗುತ್ತದೆಂದು ಅದರಲ್ಲಿ ಅವಳು ಗಾಜುಗಳನ್ನು ಅರ್ಧ ಹೊತ್ತು ಮಾತ್ರ ಇಡುತ್ತಿದ್ದಳು. ಜೋಸೆಟ್ ತನ್ನ ಮೊದಲ ಗಾಜುಗಳನ್ನು ಆ ಒಲೆಗೆ ಇಡುವುದನ್ನು ಮಾರ್ಲಿಸ್ ನೋಡಿದಳು. ಹೇಳಬಹುದಿತ್ತು. ಬಾಯಿ ತೆರೆದಳು ಕೂಡ. ಆಮೇಲೆ ತನ್ನ ಕೊಯ್ಯುವ ಯಂತ್ರದ ಅಲಗು ಒರೆಸುತ್ತ ನಿಂತಳು.

ಬಣ್ಣ ಮಂಕಾಗಿ ಬಂತು. ಇನ್ನೊಮ್ಮೆಯೂ ಮಂಕು. ಜೋಸೆಟ್ ತುಟಿ ಕಚ್ಚಿಕೊಂಡು ಎರಡು ವಾರ ಒದ್ದಾಡಿದಳು. ಆ ಎರಡು ವಾರ ಮಾರ್ಲಿಸ್‌ಗೆ ಊಟ ರುಚಿಸಿತು, ನಿದ್ದೆ ಬಂತು. ತನಗೆ ಹೀಗೆ ಆಗುತ್ತಿದೆಯೆಂದು ಅವಳಿಗೆ ತಿಳಿದಿತ್ತು, ನಾಚಿಕೆಯೂ ಆಗಿತ್ತು. ಆದರೆ ನಾಚಿಕೆಗಿಂತ ನಿದ್ದೆ ದೊಡ್ಡದಾಗಿತ್ತು.

ಮೂರನೆಯ ವಾರ ಜೋಸೆಟ್ ಮನೆಯಿಂದ ಥರ್ಮಾಮೀಟರ್ ತಂದು ಒಲೆಯೊಳಗೆ ಇಟ್ಟಳು. ನೋಡಿ, ಒಲೆಯ ಬಾಗಿಲು ಮುಚ್ಚಿ, ಮಾರ್ಲಿಸಳ ಮೇಜಿನ ಹತ್ತಿರ ಬಂದಳು.

"ಎರಡನೇ ಒಲೆ ಆರು ಡಿಗ್ರಿ ಜಾಸ್ತಿ ಇದೆ."

"ಹೌದಾ?"

"ನಿಮಗೆ ಗೊತ್ತಿತ್ತು ಅಲ್ವಾ, ಮಾರ್ಲಿಸ್?"

ಮಾರ್ಲಿಸ್ ಕನ್ನಡಕ ತೆಗೆದು ಒರೆಸಿದಳು. "ಎಲ್ಲಾನೂ ನೆನಪಿರುತ್ತಾ ನಂಗೆ? ವಯಸ್ಸಾಯ್ತು."

"ನಿಮ್ಮ ಜ್ಞಾಪಕಶಕ್ತಿ ನಂಗೆ ಗೊತ್ತು ಕಣ್ರೀ," ಅಂದು ಜೋಸೆಟ್ ಹೋದಳು. ಯಾರಿಗೂ ದೂರು ಹೇಳಲಿಲ್ಲ. ಜಗಳ ಆಡಿದ್ದರೆ ಮಾರ್ಲಿಸ್‌ಗೆ ಹಗುರಾಗುತ್ತಿತ್ತು. ಆ ಸುಮ್ಮನಿರುವಿಕೆಯೂ ಅವಳಿಗೆ ಒಂದು ಮೆರವಣಿಗೆಯ ಹಾಗೆ ಕಂಡಿತು: ನೋಡು, ನಾನೆಷ್ಟು ದೊಡ್ಡವಳು ಅಂತ.

ಆಮೇಲೆ ಬಂದ ಗಾಜುಗಳನ್ನು ಮಾರ್ಲಿಸ್ ಒಂದೊಂದಾಗಿ ಎತ್ತಿ ನೋಡಿದಳು. ಇರುವಲ್ಲಿ ದಟ್ಟ ಕಂದು, ಇಲ್ಲದಲ್ಲಿ ತೊಳೆದಂಥ ನೀಲಿ. ಅಂಚಿನಲ್ಲಿ ಒಂದು ಕಲೆಯಿಲ್ಲ. ಅದೂ ತಾನು ತೆಗೆದುಕೊಂಡಿದ್ದ ಮೂರು ತಿಂಗಳ ಅರ್ಧದಲ್ಲಿ. ಡಾಕ್ಟರ್ ಓಕರ್‌ಲಂಡ್ ಎರಡು ಮಹಡಿ ಇಳಿದು ಕೆಳಗೇ ಬಂದರು.

"ಜೋಸೆಟ್, ಇದೇನ್ರೀ ಇದು! ಅಕ್ಟೋಬರಿನಲ್ಲಿ ಸೇಂಟ್ ಕ್ಲೌಡಿನಲ್ಲಿ ನಮ್ಮ ರಾಜ್ಯದ ಲ್ಯಾಬಿನವರ ಸಮ್ಮೇಳನ ಇದೆ. ನೀವು ಇದರ ಬಗ್ಗೆ ಮಾತಾಡಬೇಕು. ಬಿಡೋದಿಲ್ಲ ನಾನು."

ಇಪ್ಪತ್ತೆರಡು ವರ್ಷದಲ್ಲಿ ಮಾರ್ಲಿಸಳನ್ನು ಯಾರೂ ಎಲ್ಲಿಗೂ ಮಾತಾಡಲು ಕರೆದಿರಲಿಲ್ಲ. ಕರೆದಿದ್ದರೆ ಅವಳು ಒಲ್ಲೆ ಅನ್ನುತ್ತಿದ್ದಳು. ಒಲ್ಲೆ ಅನ್ನುವ ಅವಕಾಶವಾದರೂ ತನಗೆ ಸಿಗಬೇಕಿತ್ತು ಎಂದು ಅವಳು ಬಣ್ಣದ ತೊಟ್ಟಿಗಳನ್ನು ತೊಳೆಯುತ್ತ, ತೊಳೆದದ್ದನ್ನೇ ಮತ್ತೆ ತೊಳೆಯುತ್ತ ಅಂದುಕೊಂಡಳು.

ನಲವತ್ತು ಗಡ್ಡೆಗಳ ಪರೀಕ್ಷೆ ಮೇ ತಿಂಗಳಲ್ಲಿ ಮುಗಿಯಿತು. ಮೂವತ್ತೊಂಬತ್ತು ಹೊಂದಿದವು. ಒಂದು ಹೊಂದಲಿಲ್ಲ. ಏಳು ವರ್ಷ ಹಳೆಯ ಒಂದು ಗರ್ಭಕೋಶದ ಗಡ್ಡೆ. ಮಾರ್ಲಿಸಳ ಬಣ್ಣದಲ್ಲಿ ಪ್ರೋಟೀನ್ "ಇದೆ" ಎಂದು ವರದಿಯಾಗಿತ್ತು. ಜೋಸೆಟ್‌ಳ ಬಣ್ಣ "ಇಲ್ಲ" ಅನ್ನುತ್ತಿತ್ತು.

ಒಳಗಿನಿಂದ ಉಕ್ಕಿ ಬಂದ ಖುಷಿ ಮುಖಕ್ಕೆ ಹತ್ತದಂತೆ ಮಾರ್ಲಿಸ್ ಹಲ್ಲು ಕಚ್ಚಿ ಹಿಡಿದಳು. "ಅಯ್ಯೋ ಪಾಪ. ಕೈಕೊಡ್ತಲ್ಲ ನಿನ್ನ ಹೊಸ ಸೀಸೆ."

"ಹಳೇ ಮೇಣ, ಅದಕ್ಕೇನಾದ್ರೂ ಹೀಗಾಗಿದ್ಯೋ ಏನೋ," ಅಂದಳು ಜೋಸೆಟ್. ಮೊದಲ ಸಲ ಅವಳ ದನಿ ಕುಗ್ಗಿತ್ತು. "ಪಕ್ಕದ ಒಳ್ಳೇ ಕೋಶಗಳು ಕಂದಾಗಿವೆ, ಗಡ್ಡೆ ಮಾತ್ರ ಆಗಿಲ್ಲ. ಆದ್ರೂ ನನ್ನದೇ ತಪ್ಪಿರಬಹುದು. ನಿಮ್ಮ ಬಣ್ಣ ಯಾವತ್ತೂ ತಪ್ಪಿದ್ದಿಲ್ವಂತೆ."

"ಇಲ್ಲ," ಅಂದಳು ಮಾರ್ಲಿಸ್. "ತಪ್ಪಿದ್ದಿಲ್ಲ."

ಡಾಕ್ಟರ್ ಊರಲ್ಲಿರಲಿಲ್ಲ, ಸೋಮವಾರ ಬರುವವರಿದ್ದರು. ಅವರ ಮುಂದೆ ಸಾಕ್ಷಿ ಸಮೇತ ಇಡಬೇಕೆಂದು ಮಾರ್ಲಿಸ್ ಶನಿವಾರ ಬೆಳಿಗ್ಗೆ, ಯಾರೂ ಇಲ್ಲದಾಗ ಲ್ಯಾಬಿಗೆ ಬಂದಳು. ಫ್ರಿಜ್ಜಿನ ಹಿಂದಿನ ಮೂಲೆಯಲ್ಲಿ ಹಳೆಯ ಪ್ರತಿಕಾಯದ ಕೊನೆಯ ಸೀಸೆಯನ್ನು ಅವಳು ಹಸಿರು ಟೇಪು ಸುತ್ತಿ ಎತ್ತಿಟ್ಟಿದ್ದಳು. ಆ ಮೇಣದ ಬಿಲ್ಲೆಯನ್ನು ಮತ್ತೆ ಕೊಯ್ದಳು. ತನ್ನದೇ ಹದ, ತನ್ನದೇ ಕಾವು, ತನ್ನದೇ ಹೊತ್ತು. ಗಾಜನ್ನು ಸೂಕ್ಷ್ಮದರ್ಶಕಕ್ಕೆ ಒಡ್ಡಿದಳು. ಗಡ್ಡೆ ಕಂದು.

"ನೋಡು ಮತ್ತೆ!" ಅಂದಳು, ಖಾಲಿ ಕೋಣೆಗೆ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಜೋಸೆಟ್‌ಳ ಬಾಯಿ ಪೂರ್ತಿ ಮುಚ್ಚಿಸಬೇಕೆಂಬ ಆಸೆ ಅವಳಿಗೆ. ಯಾರೂ ಒಂದು ಪ್ರಶ್ನೆ ಎತ್ತಬಾರದು. ಅದಕ್ಕಾಗಿ ಹನಿಯನ್ನು ಅರ್ಧ ತೆಳು ಮಾಡಿ ಒಂದು ಗಾಜು, ಕಾಲು ಭಾಗ ಮಾಡಿ ಇನ್ನೊಂದು ಗಾಜು ಹಾಕಿದಳು. ಜೊತೆಗೆ, ಈ ಪ್ರೋಟೀನ್ ಖಂಡಿತ ಇಲ್ಲವೆಂದು ಜೀನ್ ಪರೀಕ್ಷೆಯಲ್ಲಿ ಗೊತ್ತಾಗಿದ್ದ ಬೇರೊಬ್ಬರ ಗಡ್ಡೆಯ ಮೇಲೆ ತನ್ನ ಪೂರ್ತಿ ಹದದ ಬಣ್ಣ. ಅದು ನೀಲಿಯಾಗೇ ಉಳಿಯಬೇಕು. ಉಳಿದರೆ ತನ್ನ ಹದಕ್ಕೆ ಮುದ್ರೆ ಬಿದ್ದ ಹಾಗೆ.

ಮಧ್ಯಾಹ್ನದ ಹೊತ್ತಿಗೆ ಗಾಜುಗಳು ಒಣಗಿದವು.

ಅರ್ಧ ಹದದ ಗಾಜಿನಲ್ಲಿ ಒಳ್ಳೆಯ ಕೋಶಗಳು ಇನ್ನೂ ಕಂದಾಗಿದ್ದವು. ಗಡ್ಡೆ ನೀಲಿ. ಕಾಲು ಹದದಲ್ಲೂ ಅಷ್ಟೇ. ನೀಲಿಯಾಗಿ ಉಳಿಯಬೇಕಿದ್ದ ಬೇರೊಬ್ಬರ ಗಡ್ಡೆ ಮಾತ್ರ ಅವಳ ಪೂರ್ತಿ ಹದದಲ್ಲಿ ಮೆಲ್ಲಗೆ ಕಂದು ಬಣ್ಣಕ್ಕೆ ತಿರುಗಿತ್ತು. ಕಣ್ಣು ತಪ್ಪಿರಬೇಕೆಂದು ಕನ್ನಡಕ ಬದಲಿಸಿದಳು. ದೀಪ ಹೆಚ್ಚಿಸಿದಳು. ದಾಸ್ತಾನು ಕೋಣೆಗೆ ಹೋಗಿ ಏಳು ವರ್ಷ ಹಿಂದಿನ ಮೂಲ ಗಾಜನ್ನೇ ಹುಡುಕಿ ತಂದಳು. ಅದರಲ್ಲಿ ಬೊಟ್ಟುಗಳಷ್ಟೇ ಅಲ್ಲ, ಸುತ್ತಲಿನದೆಲ್ಲ ಮಣ್ಣು ನೀರಿನ ಹಾಗೆ ಕಂದಾಗಿತ್ತು. ಆಗ ಅದನ್ನು ನೋಡಿ ಎಷ್ಟು ಚೆನ್ನಾಗಿದೆ ಅಂದುಕೊಂಡಿದ್ದಳು. ಡಾಕ್ಟರೂ ಸಹಿ ಹಾಕಿದ್ದರು. ಬಣ್ಣ ಕಾಣಲಿ ಎಂದು ಅವಳು ಹನಿಯನ್ನು ಅಷ್ಟು ಗಟ್ಟಿ ಮಾಡಿದ್ದಳು. ಅಷ್ಟು ಗಟ್ಟಿಯಾದರೆ ಅದು ಇಲ್ಲದ ಕಡೆಯೂ ಹೋಗಿ ಅಂಟುತ್ತದೆ. ಹೆಚ್ಚಿನ ಗಡ್ಡೆಗಳಲ್ಲಿ ಅದರಿಂದ ಏನೂ ಬಾಧಕವಾಗಿರಲಿಲ್ಲ. ಇದೊಂದರಲ್ಲಿ ಆಗಿತ್ತು.

ಕಂಪ್ಯೂಟರಿನಲ್ಲಿ ಹೆಸರು ತೆಗೆದಳು. ಡೋರೀನ್ ಮಾಟ್ಸನ್, ಕ್ಲೋಕೇ ಊರು. ಆಗ ನಲವತ್ತಾರು ವರ್ಷ. ನರ್ಸ್ ಬರೆದಿಟ್ಟ ಒಂದು ಸಾಲು ಇತ್ತು: ತಂದೆ ಐವತ್ತೊಂದಕ್ಕೆ ಕರುಳಿನ ಕ್ಯಾನ್ಸರಿನಿಂದ ತೀರಿಕೊಂಡರು, ಇದು ಮನೆತನದ್ದೇ ಇರಬಹುದೇ ಎಂದು ರೋಗಿ ಕೇಳುತ್ತಿದ್ದಾರೆ.

ಆ ಹೆಂಗಸಿನ ಬಗ್ಗೆ ಯೋಚಿಸಬೇಕಾಗಿದ್ದ ಹೊತ್ತಿನಲ್ಲಿ ಮಾರ್ಲಿಸ್‌ಗೆ ಮೊದಲು ಹೊಳೆದದ್ದು ಬೇರೆಯೇ. ಸೇಂಟ್ ಕ್ಲೌಡಿನ ವೇದಿಕೆಯ ಮೇಲೆ ಜೋಸೆಟ್ ಇದೇ ಗಾಜನ್ನು ಗೋಡೆಯಷ್ಟು ದೊಡ್ಡದಾಗಿ ತೋರಿಸುತ್ತಾಳೆ. ಇದು ಹಳೆಯ ಬಣ್ಣ, ಇದು ನನ್ನ ಬಣ್ಣ. ಸಭೆಯವರು ತಲೆದೂಗುತ್ತಾರೆ.

ಗಾಜುಗಳನ್ನು ಎಸೆಯುವ ಕೆಂಪು ಡಬ್ಬ ಅವಳ ಮೊಣಕಾಲಿನ ಹತ್ತಿರವೇ ಇತ್ತು. ಎಸೆದರೆ ಮುಗಿಯಿತು. ಹಳೆಯ ಮೇಣ ಕೆಟ್ಟಿದೆ ಎಂದರೆ ಜೋಸೆಟ್ ನಂಬುತ್ತಾಳೆ. ಅರ್ಧ ನಂಬಿಯೇ ಇದ್ದಾಳೆ. ನಲವತ್ತರಲ್ಲಿ ಮೂವತ್ತೊಂಬತ್ತು, ಸಾಕು. ಗಾಜುಗಳನ್ನು ಹಿಡಿದ ಕೈಯನ್ನು ಮಾರ್ಲಿಸ್ ಡಬ್ಬದ ಬಾಯಿಯ ತನಕ ಒಯ್ದಳು. ಆಮೇಲೆ ಅವುಗಳನ್ನು ಒಂದು ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ಕೈಚೀಲದಲ್ಲಿ ಹಾಕಿ ಮನೆಗೆ ನಡೆದಳು. ಎಸೆಯಲೂ ಆಗಲಿಲ್ಲ, ಅಲ್ಲಿ ಬಿಡಲೂ ಆಗಲಿಲ್ಲ.

ಭಾನುವಾರ ಅರ್ವಿಡ್ ಸೌನಾ ಎಂಬ ಹಬೆಕೋಣೆಯನ್ನು ಕಾಯಿಸಿದ. ಬಿಸಿ ಹಬೆಯಲ್ಲಿ ಕೂತು ಅವಳು ಎಲ್ಲವನ್ನೂ ಹೇಳಿದಳು, ಒಲೆಯ ವಿಷಯವನ್ನೂ ಸೇರಿಸಿ. ಅವನು ಕಾದ ಕಲ್ಲಿನ ಮೇಲೆ ನೀರು ಹಾಕುವುದನ್ನು ನಿಲ್ಲಿಸಿದ.

"ಒಲೆ ವಿಷಯ ಹೇಳದೆ ಇದ್ಯಾ?"

"ಹೂಂ."

"ಥೂ, ಮಾರ್ಲಿಸ್."

"ಥೂ ಅನ್ನು. ನಂಗೆ ಆ ಹುಡುಗಿ ಸರಿ ಅಂತ ಹೇಳಕ್ಕೆ ನಾಲಿಗೆ ಏಳ್ತಾ ಇಲ್ಲ ಕಣೋ. ಯಾರ ಹತ್ರ ಬೇಕಾದ್ರೂ ನಾನೇ ತಪ್ಪು ಅಂತ ಹೇಳ್ತೀನಿ. ಅವಳು ಸರಿ ಅನ್ನೋದು ಬರ್ತಿಲ್ಲ."

"ಎರಡೂ ಒಂದೇ ಅಲ್ವೇನೇ?"

"ಅಲ್ಲ," ಅಂದಳು ಮಾರ್ಲಿಸ್. "ನಿಂಗೆ ಗೊತ್ತಾಗಲ್ಲ."

ಸೋಮವಾರ ಅವಳು ಏಳು ಗಂಟೆಗೇ ಡಾಕ್ಟರ ಕೋಣೆಯ ಮುಂದೆ ನಿಂತಿದ್ದಳು. ಜೋಸೆಟ್ ಬರುವುದು ಎಂಟಕ್ಕೆ. ಒಪ್ಪಿಕೊಳ್ಳುವುದೇ ಆದರೆ ತಾನೇ ಕಂಡುಹಿಡಿದದ್ದು, ತಾನೇ ತಂದದ್ದು ಎಂದಾಗಲಿ; ಅಷ್ಟಾದರೂ ತನ್ನ ಪಾಲಿಗಿರಲಿ ಎಂದು ಅವಳ ಲೆಕ್ಕ. ಡಾಕ್ಟರ್ ಓಕರ್‌ಲಂಡ್ ಕೋಟನ್ನೂ ಬಿಚ್ಚದೆ ಐದು ಗಾಜುಗಳನ್ನು ಒಂದೊಂದಾಗಿ ನೋಡಿದರು.

"ಇದಕ್ಕೆ ಸಹಿ ಹಾಕಿದ್ದು ನಾನು," ಅಂದರು ಕೊನೆಗೆ. "ಈ ಮಣ್ಣುಬಣ್ಣ ನನ್ನ ಕಣ್ಣಿಗೂ ಬೀಳಬೇಕಿತ್ತು." ಮತ್ತೆ ಫೋನೆತ್ತಿ, "ಜೋಸೆಟ್, ಬಂದ ತಕ್ಷಣ ಮೇಲೆ ಬನ್ನಿ. ನಿಮ್ಮ ಪ್ರತಿಕಾಯ ನಾವು ಕೈಬಿಟ್ಟಿದ್ದ ಒಬ್ಬ ರೋಗೀನ ಹಿಡಿದುಕೊಟ್ಟಿದೆ," ಎಂದು ಸಂದೇಶ ಬಿಟ್ಟರು.

ನಿಮ್ಮ ಪ್ರತಿಕಾಯ. ಮಾರ್ಲಿಸ್ ಕಿಟಕಿಯ ಕಡೆ ತಿರುಗಿಕೊಂಡಳು.

ಒಂಬತ್ತು ವರ್ಷದಲ್ಲಿ ಆ ಬಣ್ಣ ಕಟ್ಟಿದ್ದ ಗಡ್ಡೆಗಳನ್ನೆಲ್ಲ ಮತ್ತೆ ನೋಡಬೇಕೆಂದು ಆಸ್ಪತ್ರೆ ತೀರ್ಮಾನಿಸಿತು. ಇನ್ನೂರಕ್ಕೂ ಮೇಲೆ. ಜೋಸೆಟ್ ಹೊಸ ಬಣ್ಣ ಕಟ್ಟಿ ಕೊಡುವುದು, ಇಬ್ಬರೂ ಜೋಡಿ ಕಣ್ಣಿನ ಸೂಕ್ಷ್ಮದರ್ಶಕದ ಎದುರುಬದುರು ಕೂತು ನೋಡುವುದು, ಆಮೇಲೆ ಡಾಕ್ಟರು ನೋಡುವುದು. ಆರು ವಾರ ಅವರಿಬ್ಬರ ಮೊಣಕಾಲುಗಳು ಒಂದೇ ಮೇಜಿನಡಿ ತಾಗಿದವು.

"ನೀವು ಅದನ್ನ ಎಸೆದುಬಿಡಬಹುದಿತ್ತು," ಅಂದಳು ಜೋಸೆಟ್ ಒಂದು ದಿನ, ಕಣ್ಣು ತೆಗೆಯದೆ.

"ಯೋಚನೆ ಮಾಡಿದ್ದೆ."

"ಯಾಕೆ ಎಸೀಲಿಲ್ಲ?"

"ಸುಮ್ನೆ ಗಾಜು ನೋಡಮ್ಮ." ಮುಂದಿನ ಗಾಜನ್ನು ಇಟ್ಟು, ಅವಳೂ ಕಣ್ಣು ತೆಗೆಯದೆ, "ಒಲೆ ವಿಷಯ ನಂಗೆ ಗೊತ್ತಿತ್ತು," ಅಂದಳು.

"ಗೊತ್ತಿತ್ತು ಅಂತ ನಂಗೂ ಗೊತ್ತಿತ್ತು," ಅಂದಳು ಜೋಸೆಟ್. "ಎರಡು ವಾರ ಮನೆಗೆ ಹೋಗಿ ಅಳ್ತಿದ್ದೆ ಕಣ್ರೀ. ಸುಲಭಕ್ಕೆ ಮರೆಯಲ್ಲ ನಾನು." ಅವಳು ನಗಲಿಲ್ಲ. ಮಾರ್ಲಿಸ್‌ಗೆ ಯಾಕೋ ಅದು ಒಳ್ಳೆಯದೆನಿಸಿತು.

ತಪ್ಪಾಗಿದ್ದು ಇನ್ನೊಂದೇ ಒಂದು ಸಿಕ್ಕಿತು. ಆ ರೋಗಿ ಒಬ್ಬರು ಮುದುಕರು, ಎದೆನೋವಿನಿಂದ ತೀರಿಕೊಂಡು ಮೂರು ವರ್ಷವಾಗಿತ್ತು. ಅವರ ಮಕ್ಕಳಿಗೆ ಆಸ್ಪತ್ರೆಯವರು ಕಾಗದ ಬರೆದರು.

ಡೋರೀನ್ ಮಾಟ್ಸನ್ ಬದುಕಿದ್ದಳು. ಆದರೆ ಹಿಂದಿನ ವರ್ಷ ಬೇರೊಂದು ಊರಿನಲ್ಲಿ ಅವಳ ಕರುಳಿನಲ್ಲಿ ಗಡ್ಡೆ ಕಂಡು ಒಂದು ಗೇಣು ಕತ್ತರಿಸಿ ತೆಗೆದಿದ್ದರು. ಹಳೆಯ ವರದಿ ಚೆನ್ನಾಗಿದೆಯೆಂದು ಅಲ್ಲಿ ಯಾರೂ ಎರಡನ್ನೂ ಸೇರಿಸಿ ನೋಡಿರಲಿಲ್ಲ. ಫೋನಿನಲ್ಲಿ ವಿಷಯ ತಿಳಿದಾಗ ಅವಳು ಹೇಳಿದ್ದು ಇಷ್ಟೇ ಅಂತೆ: "ನಾನು ಆವತ್ತೇ ಕೇಳಿದ್ನಲ್ಲ. ಅಪ್ಪನದೇನಾ ಇದು ಅಂತ. ಇಲ್ಲ, ಪರೀಕ್ಷೆ ಚೆನ್ನಾಗಿದೆ ಅಂದ್ರಲ್ಲ ನೀವು."

ಅವಳ ರಕ್ತದಲ್ಲಿ ದೋಷ ಇತ್ತು. ಇಪ್ಪತ್ತೇಳು ವರ್ಷದ ಮಗಳು ಬ್ರಿಟಾಳ ರಕ್ತದಲ್ಲೂ ಇತ್ತು. ಬ್ರಿಟಾಳ ಕರುಳು ಪರೀಕ್ಷಿಸಿದಾಗ ಗಡ್ಡೆಯಾಗುವ ಮೊದಲಿನ ಒಂದು ಸಣ್ಣ ಮೊಗ್ಗು ಸಿಕ್ಕಿತು. ಅಲ್ಲೇ ಚಿವುಟಿ ತೆಗೆದರು.

ಆಗಸ್ಟಿನಲ್ಲಿ ತಾಯಿ ಮಗಳು ಇಬ್ಬರೂ ಡಾಕ್ಟರನ್ನು ಕಾಣಲು ಬಂದರು. ಇದನ್ನು ಕಂಡುಹಿಡಿದವರನ್ನು ನೋಡಬೇಕು ಎಂದು ಡೋರೀನ್ ಹಟ ಹಿಡಿದಳು. ಡಾಕ್ಟರ್ ಅವರನ್ನು ಕೆಳಗೆ ಕರೆತಂದರು. ಅಂಗಿಯ ತೋಳು ಮಡಿಚಿದ, ಬೆಳ್ಳಿಗೂದಲಿನ ಡೋರೀನ್ ಬಾಗಿಲಲ್ಲಿ ನಿಂತು ಮಾರ್ಲಿಸ್, ಜೋಸೆಟ್ ಇಬ್ಬರನ್ನೂ ನೋಡಿ, "ಯಾರು ನಿಮ್ಮಲ್ಲಿ?" ಅಂದಳು.

"ಇವರು," ಎಂದು ಜೋಸೆಟ್ ಮಾರ್ಲಿಸಳ ಕಡೆ ಕೈ ತೋರಿಸಿದಳು. "ಶನಿವಾರ ಬಂದು ಇವರೇ ಮತ್ತೆ ನೋಡಿದ್ದು. ಇಲ್ಲದಿದ್ರೆ ನಾನು ಬಿಟ್ಟುಬಿಡ್ತಿದ್ದೆ."

ಡೋರೀನಳ ಮುಖ ಅರಳಿತು. ಅವಳು ಎರಡು ಹೆಜ್ಜೆ ಮುಂದೆ ಬಂದಳು. ಆ ಎರಡು ಹೆಜ್ಜೆಯ ಹೊತ್ತಿನಲ್ಲಿ ಮಾರ್ಲಿಸ್‌ಗೆ ಸುಮ್ಮನಿರಬೇಕೆಂಬ ಆಸೆ ಬಲವಾಗಿ ಬಂತು.

"ಏಳು ವರ್ಷದ ಹಿಂದೆ ಬಣ್ಣ ಹಾಕಿದ್ದೂ ನಾನೇ, ಡೋರೀನ್," ಅಂದಳು. "ಇದೆ ಅಂತ ತೋರಿಸಿದ ಬಣ್ಣ ನಂದು. ಇಲ್ಲ ಅಂತ ಸರಿಯಾಗಿ ತೋರಿಸಿದ್ದು ಇವಳದು. ಇವಳೇ ಸರಿ. ನಂದು ತಪ್ಪಾಯ್ತು."

ಡೋರೀನ್ ನಿಂತಲ್ಲೇ ನಿಂತಳು. ಅವಳ ಕೈ ಅವಳಿಗೇ ತಿಳಿಯದೆ ಹೊಟ್ಟೆಯ ಮೇಲಿನ ಗಾಯದ ಗೆರೆಯ ಹತ್ತಿರ ಹೋಯಿತು. "ಹೇಳಿದ್ರಲ್ಲ," ಅಂದಳು, ಬಿಗಿಯಾದ ದನಿಯಲ್ಲಿ. "ಸರಿ." ಆಮೇಲೆ ಮಾರ್ಲಿಸಳನ್ನು ದಾಟಿ ಹೋಗಿ ಜೋಸೆಟ್‌ಳನ್ನು ಎರಡೂ ತೋಳುಗಳಿಂದ ಅಪ್ಪಿಕೊಂಡಳು. ಬಹಳ ಹೊತ್ತು ಬಿಡಲಿಲ್ಲ. ಮಗಳು ಬ್ರಿಟಾ ಬಂದು ಇಬ್ಬರನ್ನೂ ಸೇರಿಸಿ ಹಿಡಿದಳು. ಜೋಸೆಟ್‌ಳ ಮುಖ ಕೆಂಪಾಗಿ, ಕಣ್ಣಲ್ಲಿ ನೀರು ಬಂತು.

ಮಾರ್ಲಿಸ್ ಮೂರು ಅಡಿ ದೂರದಲ್ಲಿ ನಿಂತು ನೋಡಿದಳು. ಅಷ್ಟು ವರ್ಷಗಳಲ್ಲಿ ಆ ನೆಲಮಾಳಿಗೆಗೆ ಯಾವ ರೋಗಿಯೂ ಬಂದಿರಲಿಲ್ಲ, ಯಾರೂ ಯಾರನ್ನೂ ಅಪ್ಪಿಕೊಂಡಿರಲಿಲ್ಲ. ಆ ಅಪ್ಪುಗೆಯಲ್ಲಿ ತನಗೆ ಪಾಲಿಲ್ಲವೆಂದು, ಕೇಳುವ ಮುಖವೂ ತನಗಿಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಹೊಟ್ಟೆ ಉರಿಯಿತು; ಪ್ಯಾಸ್ಟಿಗೂ, ಸೇಂಟ್ ಕ್ಲೌಡಿಗೂ ಉರಿದದ್ದಕ್ಕಿಂತ ಹೆಚ್ಚಾಗಿ ಉರಿಯಿತು.

ಅವರು ಹೋದ ಮೇಲೆ ಜೋಸೆಟ್ ಮೂಗು ಒರೆಸಿಕೊಳ್ಳುತ್ತ ನಿಂತಿದ್ದಳು. ಬೆಳಿಗ್ಗೆ ಬಂದ ಎಂಟು ಹೊಸ ಬಿಲ್ಲೆಗಳು ಮೇಜಿನ ಮೇಲೆ ಕಾಯುತ್ತಿದ್ದವು. ಮಾರ್ಲಿಸ್ ಅವುಗಳನ್ನು ತನ್ನ ಕಡೆ ಎಳೆದುಕೊಂಡು, ಕೈಗವಸು ಹಾಕಿಕೊಂಡಳು.

"ನಿನ್ನ ಹದ ಎಷ್ಟು, ಹೇಳು," ಅಂದಳು. "ಮೊದಲಿಂದ ಹೇಳು. ಬರ್ಕೋತೀನಿ."